ಕೊಳಲಿನ ಬಲಗಡೆಯ ಜಾಗ

ನಮ್ಮ ಗುಂಪು ಯಾಕೆ ಮುರಿಯಿತು ಎಂದು ಅರಸೀಕೆರೆಯಲ್ಲಿ ಸಂಗೀತದ ಗಾಳಿ ಸೋಕಿದ ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ. "ಹಳೇಬೀಡಲ್ಲಿ ಕೂರೋ ಜಾಗಕ್ಕೆ ಜಗಳ ಆಯ್ತಂತೆ. ಮೃದಂಗದವನು ಕೋಪ ಮಾಡ್ಕೊಂಡು ಎದ್ದು ಹೋದನಂತೆ." ಇಷ್ಟು ಹೇಳಿ ಒಂದು ಸಣ್ಣ ನಗೆ ನಗುತ್ತಾರೆ. ಕಲಾವಿದರು ಅಂದಮೇಲೆ ಹೀಗೇ ಎಂಬುದು ಆ ನಗೆಯ ಅರ್ಥ.

ಈ ಕತೆ ನಿಲ್ಲುವುದಿಲ್ಲ. ಮೊದಲನೆಯದಾಗಿ, ಜಗಳವೇ ಆಗಲಿಲ್ಲ. ಒಬ್ಬರು ಒಂದು ಮಾತು ಹೇಳಿದರು, ಇನ್ನೊಬ್ಬರು ಹೇಳಿದಂತೆ ಮಾಡಿದರು. ಎದ್ದು ಹೋದರು ಎನ್ನುವುದೂ ಸುಳ್ಳು. ಕಡೆಯ ಮಂಗಳದವರೆಗೂ ನುಡಿಸಿ, ಮೃದಂಗಕ್ಕೆ ಗವುಸು ಹಾಕಿ, "ಬತ್ತೀನಿ" ಎಂದು ಹೇಳಿಯೇ ಹೋದರು. ಇನ್ನು ಕೋಪ. ನಾನು ಕೊಳಲು ಹಿಡಿದು ಪಕ್ಕದಲ್ಲೇ ಕೂತಿದ್ದೆ. ಆ ಮುಖದಲ್ಲಿ ಇದ್ದದ್ದು ಕೋಪವಾಗಿದ್ದರೆ ಗುಂಪು ಇವತ್ತಿಗೂ ಇರುತ್ತಿತ್ತು, ಯಾಕೆಂದರೆ ಕೋಪ ಇಳಿಯುತ್ತದೆ.

ಗುಂಪು ಕಟ್ಟಿದವರು ಪಿಟೀಲಿನ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡುತ್ತಿದ್ದರು, ನನಗೂ ಮಾಡಿದ್ದಾರೆ. ದೇವಸ್ಥಾನದ ಸೇವೆಯಲ್ಲಿದ್ದ ಮನೆತನ, ಪಿಟೀಲು ತಾತನ ಕಾಲದಿಂದ ಬಂದದ್ದು. ತೊಂಬತ್ತರ ದಶಕದ ಯಾವುದೋ ಬೇಸಿಗೆಯಲ್ಲಿ ಉತ್ತರಪತ್ರಿಕೆ ತಿದ್ದಲು ಬೆಂಗಳೂರಿಗೆ ಹೋಗಿದ್ದಾಗ, ಒಂದು ಲೈಬ್ರರಿಯ ಮಹಡಿಯಲ್ಲಿ ನಾಲ್ವರು ವಿದೇಶಿಯರು ಮೈಕಿಲ್ಲದೆ, ಯಜಮಾನನಿಲ್ಲದೆ, ಒಬ್ಬರಿಗೊಬ್ಬರು ಮುಖ ಕೊಟ್ಟುಕೊಂಡು ನುಡಿಸಿದ್ದನ್ನು ಕೇಳಿ ಬಂದಿದ್ದರು. ಆ ಸಂಗೀತ ಅವರಿಗೆ ತಲೆಬುಡ ತಿಳಿಯಲಿಲ್ಲವಂತೆ. ಕೂತ ರೀತಿ ಮಾತ್ರ ತಲೆಯಿಂದ ಹೋಗಲಿಲ್ಲ.

"ಅದು ಕೋಣೆಯ ಸಂಗೀತ ಕಣ್ರೀ. ಕೇಳೋರು ಕೈ ಚಾಚಿದ್ರೆ ಮುಟ್ಟೋ ಹಾಗಿರ್ತಾರೆ. ನಮ್ಮಲ್ಲಿ ಮಾತ್ರ ಯಾಕೆ ಒಬ್ಬರು ಮುಖ್ಯ, ಮಿಕ್ಕೋರು ಪಕ್ಕವಾದ್ಯ? ಯಾಕ್ರೀ ಈ ಮೇಲು ಕೆಳಗು?"

ಈ ಮಾತನ್ನು ಅವರೇ ಹೇಳಿದ್ದು. ಮುಂದೆ ಬೇಕಾಗುತ್ತದೆ, ಅದಕ್ಕೇ ಬರೆದಿಟ್ಟಿದ್ದೇನೆ.

ಅಭ್ಯಾಸ ನಡೆಯುತ್ತಿದ್ದದ್ದು ಒಂದು ಕೊಬ್ಬರಿ ಮಂಡಿಯ ಮಹಡಿಯಲ್ಲಿ. ಭಾನುವಾರ ಮಂಡಿ ಖಾಲಿ. ಮೇಲಿನ ಕೋಣೆಯನ್ನು ಮಾಲೀಕರು ನಮಗೆ ಬಿಟ್ಟುಕೊಟ್ಟಿದ್ದರು. ಕೆಳಗಿನಿಂದ ಒಣಕೊಬ್ಬರಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮನೆಗೆ ಹೋದರೆ ಅಮ್ಮ ನನ್ನ ಜಡೆ ಮೂಸಿ, "ಸಂಗೀತಕ್ಕೆ ಹೋಗಿದ್ಯೋ ಎಣ್ಣೆ ಗಾಣಕ್ಕೋ?" ಎನ್ನುತ್ತಿದ್ದಳು. ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ಕೂಗಿದರೆ ನಾವು ನಿಲ್ಲಿಸುತ್ತಿದ್ದೆವು. ಡೀಸೆಲ್ ಇಂಜಿನ್ನಿನ ಸ್ವರ ಯಾವುದು ಎಂದು ಮೇಷ್ಟ್ರೂ ನಮ್ಮ ಗುಂಪಿನ ವೀಣೆ ಆಂಟಿಯೂ ವಾದಿಸುತ್ತಿದ್ದರು. ಆಂಟಿಯ ಗಂಡ ರೈಲ್ವೆಯವರು. ಆದ್ದರಿಂದ ಇಂಜಿನ್ನಿನ ವಿಷಯದಲ್ಲಿ ಕಡೆಯ ಮಾತು ತನ್ನದೇ ಎಂದು ಆಂಟಿ ತೀರ್ಮಾನಿಸಿದ್ದರು.

ನಾಲ್ಕನೆಯವರು ಮೃದಂಗದ ಅಣ್ಣ. ಮಾದಿಹಳ್ಳಿಯವರು, ಹಗರೆಯ ಹಾಲಿನ ಡೈರಿಯಲ್ಲಿ ಕೆಲಸ. ಅವರ ಮನೆಯವರು ಬೌದ್ಧರು. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೇ ಮೃದಂಗ. ಅವರ ತಂದೆ ತಮಟೆ ಬಡಿಯುತ್ತಿದ್ದವರು. ಹಬ್ಬಕ್ಕೆ, ಸಾವಿಗೆ, ಊರಿನವರು ಕರೆದಾಗಲೆಲ್ಲ ಅವರ ಮನೆಗಳ ಬಾಗಿಲಾಚೆ ನಿಂತು. ಮಗ ಓದಿ, ಕೆಲಸ ಹಿಡಿದು, ಹಾಸನದ ವಿದ್ವಾಂಸರೊಬ್ಬರ ಹತ್ತಿರ ವರ್ಷಗಟ್ಟಲೆ ಕಲಿತರು. ಮೊದಲ ದಿನ ಮಂಡಿಯ ಮಹಡಿಗೆ ಬಂದು ಜಮಖಾನದ ಮೇಲೆ ಕೂತವರು ನಗುತ್ತಾ ಹೇಳಿದ್ದು ಇದು: "ನಮ್ಮಪ್ಪ ಜೀವಮಾನವೆಲ್ಲ ನಿಂತ್ಕಂಡೇ ಬಡುದ್ರು ಸಾ. ನಮ್ಮನೇಲಿ ಕೂತ್ಕಂಡು ಬಾರ್ಸೋನು ನಾನೇ ಮೊದ್ಲು."

ಎಲ್ಲರೂ ನಕ್ಕೆವು. ತಮಾಷೆಗೆ ಹೇಳಿದ್ದು ಎಂದುಕೊಂಡೆವು.

ನನ್ನ ವಿಷಯ. ನಾನಾಗ ಕಾಲೇಜಿನಲ್ಲಿದ್ದೆ, ಚರ್ಚಾಸ್ಪರ್ಧೆಗಳಿಗೆ ಊರೂರು ಅಲೆಯುತ್ತಿದ್ದೆ. ಹೆಣ್ಣುಮಕ್ಕಳು ಕೊಳಲು ಊದಿದರೆ ತುಟಿ ದಪ್ಪವಾಗುತ್ತದೆ ಎಂದು ಸೋದರತ್ತೆ ಹೇಳಿದಾಗ, ಊದಿ ತುಟಿ ದಪ್ಪವಾದ ಒಬ್ಬಳನ್ನು ತೋರಿಸಿ ಎಂದು ಕೇಳಿದ್ದೆ. ಸೋದರತ್ತೆ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ವಾದ ಗೆಲ್ಲುವುದು ಸುಲಭ, ಕಛೇರಿ ಸಿಗುವುದು ಕಷ್ಟ. ಉತ್ಸವ ಸಮಿತಿಯವರು, "ಹುಡುಗಿ ಹಾಡ್ತಾಳೆ ಅಂದ್ರೆ ಸರಿ. ಊದೋದಾ?" ಎಂದು ನಕ್ಕು ಕಳಿಸುತ್ತಿದ್ದರು. ಆ ಮೂವರ ಜೊತೆಗಲ್ಲದೆ ನಾನು ಬೇರೆಲ್ಲೂ ಕೂತು ನುಡಿಸುವಂತಿರಲಿಲ್ಲ. ಗುಂಪು ಹೋದರೆ ನನ್ನ ಕೊಳಲು ಬರೀ ಬಿದಿರು. ಇದನ್ನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ. ಮುಂದೆ ಹಾಗೇ ಆಯಿತು.

ಮೇಷ್ಟ್ರ ಕಟ್ಟುಪಾಡುಗಳು ಕೆಲವಿದ್ದವು. ಮೈಕು ಬೇಡ. ಅರ್ಧಚಂದ್ರದಂತೆ ಕೂರಬೇಕು. ತಲೆಯಾಡಿಸಿ, ಕೈಯೆತ್ತಿ, ಹುಬ್ಬು ಹಾರಿಸಿ ಒಬ್ಬರಿಗೊಬ್ಬರು ಸನ್ನೆ ಮಾಡುವಂತಿಲ್ಲ.

"ಸನ್ನೆ ಇಲ್ದೆ ನಾಲ್ಕೂ ಜನ ಒಟ್ಟಿಗೆ ಹೇಗೆ ಶುರು ಮಾಡೋದು ಮೇಷ್ಟ್ರೇ?" ಎಂದು ಆಂಟಿ ಕೇಳಿದರು.

"ಈ ಹುಡುಗಿ ಊದೋಕೆ ಮುಂಚೆ ಉಸಿರು ತಗೋತಾಳಲ್ಲ, ಅದನ್ನ ಕೇಳಿಸ್ಕೊಳ್ಳಿ. ಅದೇ ನಮ್ಮ ಗಂಟೆ."

ಮೊದಮೊದಲು ನಗು ಬರುತ್ತಿತ್ತು. ನಾನು ಉಸಿರೆಳೆದರೆ ಮೂವರೂ ಬೇಟೆಗೆ ಕೂತ ಬೆಕ್ಕುಗಳಂತೆ ಸ್ತಬ್ಧ. ಆದರೆ ಕೆಲವು ತಿಂಗಳಲ್ಲಿ ಅದು ಸಿದ್ಧಿಸಿತು. ನನ್ನ ಉಸಿರು ಒಳಗೆ ಹೋಗುವ ಸದ್ದು, ಮರುಕ್ಷಣ ನಾಲ್ಕೂ ವಾದ್ಯ ಒಂದೇ ಬಾಯಿಂದ ಬಂದಂತೆ. ಆಮೇಲೆ ನಾನು ಎಷ್ಟೋ ದೊಡ್ಡ ಕಛೇರಿಗಳನ್ನು ಕೇಳಿದ್ದೇನೆ. ನನ್ನ ಉಸಿರನ್ನು ಮೂವರು ಕಿವಿಗೊಟ್ಟು ಕಾಯುತ್ತಿದ್ದ ಆ ಅರೆಕ್ಷಣಕ್ಕೆ ಸಮನಾದದ್ದು ಸಿಕ್ಕಿಲ್ಲ.

ಕೂರುವ ಜಾಗವೂ ಗೊತ್ತಾಗಿತ್ತು. ನನ್ನ ಎಡಕ್ಕೆ ಮೇಷ್ಟ್ರು, ಅವರಾಚೆ ವೀಣೆ ಆಂಟಿ. ನನ್ನ ಬಲಕ್ಕೆ ಮೃದಂಗ. ಕೊಳಲಿನ ತುದಿ ಬಲಗಡೆಗೆ ಚಾಚುತ್ತದೆ, ಹಾಗಾಗಿ ಅಲ್ಲಿ ಕೂತವರು ತುಸು ದೂರ ಇರಬೇಕು. "ಈ ಹುಡ್ಗಿ ಒಂದಿನ ನನ್ನ ಕಣ್ ಕೀಳ್ತಾಳೆ ನೋಡ್ರೀ" ಎಂದು ಅಣ್ಣ ಪ್ರತಿ ವಾರ ಹೇಳಿ, ಪ್ರತಿ ವಾರ ಅಲ್ಲೇ ಕೂರುತ್ತಿದ್ದರು. ಕಾರಣವಿತ್ತು. ಅಲ್ಲಿ ಕೂತು ನಮ್ಮ ಕಡೆ ತಿರುಗಿದರೆ ಮೃದಂಗದ ಬಲಮುಖ ಜನರ ಕಡೆಗೆ ಬರುತ್ತದೆ. ನಾದವೆಲ್ಲ ಇರುವುದು ಆ ಬಲಮುಖದಲ್ಲಿ. ಮೈಕಿಲ್ಲದ ಕಛೇರಿಯಲ್ಲಿ ಅದು ಗೋಡೆಯ ಕಡೆ ತಿರುಗಿದರೆ ಕೇಳುವವರಿಗೆ ಬರೀ ಎಡಗಡೆಯ ಗುಂ ಗುಂ.

ನಾವು ಹೆಚ್ಚು ನುಡಿಸಿದ್ದು ಬೇಲೂರಿನಲ್ಲಿ, ಹಳೆಯ ವಕೀಲರೊಬ್ಬರ ಮನೆಯ ಪಡಸಾಲೆಯಲ್ಲಿ. ಅರಸೀಕೆರೆಯಿಂದ ಬಸ್ಸು. ವೀಣೆಗೆ ಒಂದು ಸೀಟು ಹಿಡಿಯಬೇಕು. ಕಂಡಕ್ಟರ್ ಪ್ರತಿ ಸಲ, "ಈ ಯಮ್ಮನಿಗೂ ಟಿಕೆಟ್ ತಗೊಳ್ಳಿ" ಎನ್ನುತ್ತಿದ್ದ. ಮೃದಂಗದ ಎಡಮುಖಕ್ಕೆ ಮೆತ್ತಲು ಅಣ್ಣ ಡಬ್ಬಿಯಲ್ಲಿ ರವೆ ತರುತ್ತಿದ್ದರು. ಆಂಟಿಯ ತಿಂಡಿ ಡಬ್ಬಿಯಲ್ಲಿ ಉಪ್ಪಿಟ್ಟು. "ಒಂದೇ ಸಾಮಾನು ಆಂಟಿ, ನಿಮ್ದಕ್ಕೆ ಒಗ್ಗರಣೆ ಐತೆ ಅಷ್ಟೇ" ಎಂದು ಅಣ್ಣ ರೇಗಿಸುತ್ತಿದ್ದರು. ಮೇಷ್ಟ್ರು ಯಾವಾಗಲೂ ಡ್ರೈವರಿನ ಹಿಂದಿನ ಸಾಲಿನಲ್ಲಿ ಬಲಗಡೆಯ ಕಿಟಕಿಯ ಪಕ್ಕ. ಆ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಗಾಳಿಗಾಗಿ ಎಂದುಕೊಂಡಿದ್ದೆವು.

ವಕೀಲರ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಚಳಿಗಾಲದಲ್ಲಿ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ನುಡಿಕೆ ಚೆನ್ನಾಗಿದ್ದರೆ ಸುಲಿಯುವುದು ನಿಲ್ಲುತ್ತಿತ್ತು. "ಅಜ್ಜಿ ಬುಟ್ಟಿ ತುಂಬ್ಲಿಲ್ಲ ಅಂದ್ರೆ ನಾವ್ ಗೆದ್ದಂಗೆ" ಎನ್ನುತ್ತಿದ್ದರು ಅಣ್ಣ. ಕಛೇರಿ ಮುಗಿದಮೇಲೆ ಅಜ್ಜಿ ಬುಟ್ಟಿ ತೋರಿಸಿ, "ನಿಮ್ಮಿಂದ ರಾತ್ರಿ ಸಾರಿಗೆ ಕಾಳಿಲ್ಲ ಕಣ್ರಪ್ಪಾ" ಎಂದು ಬೈಯುತ್ತಿದ್ದರು. ಅದಕ್ಕಿಂತ ದೊಡ್ಡ ಸನ್ಮಾನ ನಮಗೆ ಯಾರೂ ಮಾಡಲಿಲ್ಲ.

ಆ ಪಡಸಾಲೆಯಲ್ಲೇ ಒಮ್ಮೆ ಮೇಷ್ಟ್ರು ತಪ್ಪಿದರು. ನಾನು ಸ್ವರ ಹಾಕಿ ಮುಗಿಸಿದೆ, ಅವರು ಎತ್ತಿಕೊಳ್ಳಬೇಕು, ಎತ್ತಿಕೊಳ್ಳಲಿಲ್ಲ. ತಾಳದ ಒಂದು ಆವರ್ತ ಖಾಲಿ ಹೋಯಿತು. ಆಂಟಿ ವೀಣೆಯಲ್ಲಿ ತೇಪೆ ಹಾಕಿದರು. ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ.

"ಸಾರ್, ಯಾಕೆ ತಡವಾಯ್ತು?"

"ನೀನು ಮುಗಿಸಿದ್ದು ಸ್ಪಷ್ಟವಾಗ್ಲಿಲ್ಲ. ಉಸಿರೂ ಸರಿಯಾಗಿ ತಗೊಳ್ಳಲಿಲ್ಲ."

"ಆಂಟಿಗೆ ಕೇಳಿಸ್ತಲ್ಲ ಸಾರ್. ಅವರು ನಿಮಗಿಂತ ದೂರ ಕೂತಿದ್ರು."

"ಇದು ಚರ್ಚಾಸ್ಪರ್ಧೆ ಅಲ್ಲಮ್ಮ."

ಮುಂದಿನ ಭಾನುವಾರ ಹಟಕ್ಕೆ ಇಡೀ ಮಂಡಿಗೆ ಕೇಳುವಂತೆ ಉಸಿರೆಳೆದೆ. ಅಣ್ಣ ಮೃದಂಗದ ಮೇಲೆ ಕೈಯಿಟ್ಟುಕೊಂಡೇ, "ಏನವ್ವಾ, ಎಮ್ಮೆ ಹೊಡ್ಕಂಡ್ ಬಂದ್ಯಾ? ಡೈರಿ ರಜಾ ಇವತ್ತು" ಎಂದರು. ಆಂಟಿ ನಕ್ಕು ನಕ್ಕು ವೀಣೆಯ ಮೇಲೆ ಬಗ್ಗಿದರು. ಮೇಷ್ಟ್ರು ನಗಲಿಲ್ಲ.

ಹಳೇಬೀಡಿನ ಕಛೇರಿ ಒಂದು ಶಾಲೆಯ ಉದ್ದನೆಯ ಜಗಲಿಯಲ್ಲಿ. ಸಂಜೆಗೆ ಮುಂಚೆ, ಇನ್ನೂ ಬಿಸಿಲಿತ್ತು. ಹಿಂದೆ ಒಂದೇ ಗೋಡೆ, ಮಿಕ್ಕ ಮೂರು ಕಡೆ ತೆರವು, ಕೆರೆಯ ಕಡೆಯಿಂದ ಗಾಳಿ. ಮಾದಿಹಳ್ಳಿ ಹತ್ತಿರವಾದ್ದರಿಂದ ಅಣ್ಣನ ತಂದೆ ಬಂದಿದ್ದರು. ಮಗ ನುಡಿಸುವುದನ್ನು ಅವರು ಕೇಳುತ್ತಿದ್ದದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲು. ಹಿಂದೆ, ಚಪ್ಪಲಿ ಬಿಟ್ಟ ಕಡೆ ನಿಂತಿದ್ದರು. ಅಣ್ಣ ಕೂತಲ್ಲಿಂದಲೇ ಕರೆದರು: "ಮುಂದ್ ಬಾರಪ್ಪ. ಇಲ್ಲಿ, ನನ್ನೆದ್ರುಗೇ ಕೂತ್ಕ." ಅವರು ಹಿಂದೆ ಮುಂದೆ ನೋಡಿ, ಜನರ ನಡುವೆ ದಾರಿ ಮಾಡಿಕೊಂಡು ಬಂದು, ಮಗನ ನೇರ ಎದುರಿಗೆ ಜಮಖಾನದ ಅಂಚಿನಲ್ಲಿ ಕೂತರು.

ನಾವು ಶ್ರುತಿ ಸೇರಿಸುತ್ತಿದ್ದೆವು. ಮೇಷ್ಟ್ರು ನನಗೆ ಷಡ್ಜ ಊದಲು ಹೇಳಿದರು. ಊದಿದೆ. ಇನ್ನೊಮ್ಮೆ ಎಂದರು. ಊದಿದೆ. ಅವರ ಹಣೆಯಲ್ಲಿ ಬೆವರಿತ್ತು. ಆಮೇಲೆ ಪಿಟೀಲು ಹಿಡಿದುಕೊಂಡು ಎದ್ದರು, ನಮ್ಮ ಹಿಂದಿನಿಂದ ಸುತ್ತಿ ಬಂದು ಅಣ್ಣನ ಪಕ್ಕ ನಿಂತರು.

"ನೀವು ಎದ್ದು ಆ ಕಡೆ ಹೋಗಿ. ಇಲ್ಲಿ ನಾನು ಕೂತ್ಕೋತೀನಿ."

"ಯಾಕ್ ಸಾ?"

"ಹೋಗೀಂದ್ರೆ. ಆಮೇಲೆ ಹೇಳ್ತೀನಿ."

ಜನ ನೋಡುತ್ತಿದ್ದರು. ಅಣ್ಣ ಎದ್ದರು. ಮೃದಂಗವನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತರು. ಆಗ ನಡೆದದ್ದನ್ನು ಊರಿನ ಕತೆಯಲ್ಲಿ ಯಾರೂ ಹೇಳುವುದಿಲ್ಲ, ಯಾಕೆಂದರೆ ನೋಡಿದವರು ಕಡಿಮೆ. ಮಗ ಎದ್ದದ್ದನ್ನು ಕಂಡು ಎದುರಿಗಿದ್ದ ತಂದೆಯೂ ಎದ್ದು ನಿಂತರು. ಯಾರೂ ಹೇಳಲಿಲ್ಲ, ಕಾಲು ತಾನಾಗಿ ಎದ್ದಿತು. ಮೆಲ್ಲಗೆ ಹಿಂದೆ ಸರಿದು, ಚಪ್ಪಲಿಗಳ ಹತ್ತಿರದ ಕಂಬದ ಪಕ್ಕ ಹೋದರು. ಮಗ ನನ್ನ ಎಡಗಡೆ ಕೂತಮೇಲೂ ಅವರು ಕೂರಲಿಲ್ಲ. ಕಛೇರಿ ಮುಗಿಯುವವರೆಗೂ ಅಲ್ಲೇ, ನಿಂತೇ.

ಅಣ್ಣ ಅಂದು ನುಡಿಸಿದ ಹಾಗೆ ಎಂದೂ ನುಡಿಸಿರಲಿಲ್ಲ. ಅವರ ಬಲಮುಖ ಗೋಡೆಯ ಕಡೆಗಿತ್ತು. ಪಕ್ಕದಲ್ಲಿದ್ದ ನನಗೆ ಪ್ರತಿ ಪೆಟ್ಟೂ ಕೇಳಿತು. ಕಂಬದ ಹತ್ತಿರ ನಿಂತಿದ್ದವರಿಗೆ ಎಷ್ಟು ಕೇಳಿತೋ ಗೊತ್ತಿಲ್ಲ. ಮೇಷ್ಟ್ರೂ ಅಂದು ಒಂದು ಕಡೆಯೂ ತಪ್ಪಲಿಲ್ಲ. ನನ್ನ ಉಸಿರಿನ ತುದಿ ಹಿಡಿದು ಬಂದರು. ಕೇಳಿದವರೆಲ್ಲ ಚಪ್ಪಾಳೆ ತಟ್ಟಿದರು.

ಮುಂದಿನ ಭಾನುವಾರ ಅಣ್ಣ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. "ಡೈರೀಲಿ ಕೆಲ್ಸ ಜಾಸ್ತಿ ಐತೆ" ಎಂದು ಯಾರದೋ ಕೈಲಿ ಹೇಳಿ ಕಳಿಸಿದರು. ಮೇಷ್ಟ್ರು ಪಿಟೀಲಿನ ಬಿಲ್ಲಿಗೆ ರಾಳ ಉಜ್ಜುತ್ತಾ, "ಬರ್ತಾರೆ ಬಿಡಿ" ಎಂದರು. ವೀಣೆ ಆಂಟಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, "ಗಂಡಸ್ರು ಕಣೇ, ಕೂರೋ ಜಾಗದಲ್ಲೇ ಪ್ರಾಣ ಇಟ್ಕೊಂಡಿರ್ತಾರೆ" ಎಂದರು. ಊರಿನ ಕತೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ನಾನೂ ಆಗ ನಂಬಿದ್ದು ಹೆಚ್ಚುಕಡಿಮೆ ಅದನ್ನೇ: ಮೇಲು ಕೆಳಗು ಬೇಡವೆಂದ ಮನುಷ್ಯ ಕಡೆಗೆ ಜನಕ್ಕೆ ಚೆನ್ನಾಗಿ ಕಾಣುವ ಜಾಗ ಹುಡುಕಿಕೊಂಡರು. ಮೂವರೇ ಕೆಲವು ವಾರ ಕೂತೆವು. ಆಮೇಲೆ ಮಂಡಿಯವರಿಗೆ ಮೂಟೆ ಇಡಲು ಮಹಡಿ ಬೇಕಾಯಿತು.

ವರ್ಷಗಳು ಕಳೆದವು. ನಾನು ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡತೊಡಗಿದೆ. ಕೊಳಲನ್ನು ಬೀರುವಿನ ಮೇಲಿಂದ ತೆಗೆದು ಆಗೀಗ ಒಬ್ಬಳೇ ಊದುತ್ತಿದ್ದೆ. ಉಸಿರೆಳೆದ ಕೂಡಲೇ ಒಂದು ಅಭ್ಯಾಸಬಲ. ಯಾರೋ ಬರುತ್ತಾರೆ ಎಂದು ಕಾಯುವಂತಾಗುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಹಾಗಾಗಿ ಊದುವುದೂ ಕಡಿಮೆಯಾಯಿತು.

ಒಂದು ಶುಕ್ರವಾರ ಅರಸೀಕೆರೆಯ ಪ್ಲಾಟ್‌ಫಾರ್ಮಿನಲ್ಲಿ ರೈಲಿಳಿದಾಗ ಮೇಷ್ಟ್ರು ಬೆಂಚಿನ ಮೇಲೆ ಕೂತಿದ್ದರು. ರಿಟೈರ್ ಆಗಿದ್ದರು, ಕೂದಲು ಪೂರಾ ಬೆಳ್ಳಗಾಗಿತ್ತು. ಅವರ ಬಲಗಡೆ ನಿಂತು, "ನಮಸ್ಕಾರ ಸಾರ್" ಎಂದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಸ್ವಲ್ಪ ಜೋರಾಗಿ ಹೇಳಿದೆ. ಇಲ್ಲ. ಬೇಜಾರಿರಬೇಕು ಎಂದುಕೊಂಡು, ಮುಂದೆ ಹೋಗುವವಳು ಬೆಂಚು ಸುತ್ತಿ ಎಡಗಡೆಗೆ ಬಂದೆ. ಚೀಲ ಕೆಳಗಿಟ್ಟೆ, ಅಷ್ಟೇ. ಚೀಲದ ಸದ್ದಿಗೆ ತಿರುಗಿದರು. "ಓ! ಯಾವಾಗ ಬಂದೆ?"

ಮಾತಾಡಿದೆವು, ಏನು ಎಂದು ನೆನಪಿಲ್ಲ. ನನ್ನ ತಲೆಯಲ್ಲಿ ಬಸ್ಸುಗಳು ಓಡುತ್ತಿದ್ದವು. ಬಲಗಡೆಯ ಕಿಟಕಿ. ಅಲ್ಲಿ ಕೂತರೆ ಬಲಕಿವಿಗೆ ಗಾಳಿ ಬಿಟ್ಟರೆ ಬೇರೆ ಕೆಲಸವಿಲ್ಲ. ಎಸ್‌ಟಿಡಿ ಬೂತಿನಲ್ಲಿ ರಿಸೀವರ್ ಬಲಗೈಯಲ್ಲಿ ಎತ್ತಿ ಎಡಕಿವಿಗೆ ದಾಟಿಸುತ್ತಿದ್ದರು. ಕ್ಲಾಸಿನಲ್ಲಿ ಅವರ ಬಲಗಡೆಯ ಬೆಂಚುಗಳವರು ಎಷ್ಟು ಹರಟಿದರೂ ಬೈಸಿಕೊಳ್ಳುತ್ತಿರಲಿಲ್ಲ. ಎಡಗಡೆಯವರು ಪೆನ್ಸಿಲ್ ಬೀಳಿಸಿದರೂ ಏಟು. ಪುಣ್ಯವಂತರ ಸಾಲು ಎಂದೇ ನಾವು ಆ ಬೆಂಚುಗಳನ್ನು ಕರೆಯುತ್ತಿದ್ದೆವು. ವೀಣೆ ಅವರ ಎಡಕ್ಕಿತ್ತು. ಅದರ ತಂತಿ ಕೂದಲೆಳೆಯಷ್ಟು ಇಳಿದರೂ ಹಿಡಿಯುತ್ತಿದ್ದರು. ನಾನು ಬಲಕ್ಕಿದ್ದೆ. ಗೋಡೆಗಳ ನಡುವೆ ಸದ್ದು ಹೇಗೋ ತಿರುಗಿ ಬಂದು ಎಡಕಿವಿ ಸೇರುತ್ತಿತ್ತು. ಹಳೇಬೀಡಿನ ಜಗಲಿಯಲ್ಲಿ ಹಿಂದಿನದೊಂದು ಬಿಟ್ಟರೆ ಗೋಡೆಗಳಿರಲಿಲ್ಲ. ಉಸಿರೇ ಗಂಟೆ ಎಂದು ಕಟ್ಟಳೆ ಮಾಡಿದವರಿಗೆ ನನ್ನ ಉಸಿರು ಕೇಳುತ್ತಿರಲಿಲ್ಲ. ಅವರು ಬಂದು ಕೂತದ್ದು ಜನಕ್ಕೆ ಕಾಣಲು ಅಲ್ಲ, ನನ್ನನ್ನು ಕೇಳಲು.

ಅದೇ ಸಂಜೆ ವೀಣೆ ಆಂಟಿಯ ಕ್ವಾರ್ಟರ್ಸಿಗೆ ಹೋದೆ. ಮನೆ ತುಂಬ ಕಟ್ಟಿದ ಪೆಟ್ಟಿಗೆಗಳು. ಗಂಡನಿಗೆ ನಿವೃತ್ತಿ, ಮೈಸೂರಿಗೆ ಹೊರಟಿದ್ದರು.

"ಹೋಗೋಕೆ ಮುಂಚೆ ಒಂದೇ ಒಂದು ಸಲ ನಾಲ್ಕೂ ಜನ ಕೂರೋಣ ಕಣೇ. ಜನ ಬೇಡ, ಏನೂ ಬೇಡ. ಈ ಖಾಲಿ ರೂಮಲ್ಲೇ. ನೀನು ಮಾತಾಡಿ ಒಪ್ಪಿಸು. ಮಾತಿಗೇ ಅಲ್ವಾ ಸ್ಪರ್ಧೇಲೆಲ್ಲ ನಿನಗೆ ಕಪ್ಪು ಕೊಡ್ತಿದ್ದದ್ದು?"

ಮಾರನೇ ದಿನವೇ ಹಗರೆಗೆ ಹೋದೆ. ಡೈರಿಯಲ್ಲಿ ಹಾಲಿನ ಹೊತ್ತು ಮುಗಿದಿತ್ತು. ಅಣ್ಣ ಸ್ಯಾಂಪಲ್ ಬಾಟಲಿಗಳನ್ನು ತೊಳೆಸಿ ಮೇಜಿನ ಮೇಲೆ ಇಡಿಸುತ್ತಿದ್ದರು. "ಏನವ್ವಾ, ಎಮ್ಮೆ ಎಲ್ಲಿ?" ಎಂದರು. ಅಷ್ಟು ವರ್ಷದ ಮೇಲೂ ಅದೇ ಮೊದಲ ಮಾತು. ನಾನು ನೇರ ವಾದಕ್ಕೇ ಇಳಿದೆ. ನಾಲ್ಕು ಬಾಟಲಿ ತೆಗೆದು ಅರ್ಧಚಂದ್ರದಂತೆ ಇಟ್ಟೆ. ಇದು ಆಂಟಿ, ಇದು ಮೇಷ್ಟ್ರು, ಇದು ನಾನು, ಇದು ನೀವು. ಬಸ್ಸು, ಫೋನು, ಪುಣ್ಯವಂತರ ಸಾಲು, ಪ್ಲಾಟ್‌ಫಾರ್ಮು, ಒಂದೊಂದಾಗಿ ಹೇಳಿದೆ. ಮೇಷ್ಟ್ರ ಬಾಟಲಿಯನ್ನು ಎತ್ತಿ ನನ್ನ ಬಲಕ್ಕಿಟ್ಟು ತೋರಿಸಿದೆ.

ಅಣ್ಣ ಪೂರ್ತಿ ಕೇಳಿದರು. ಆಮೇಲೆ ಬಾಟಲಿಗಳನ್ನೇ ನೋಡುತ್ತಾ ಹೇಳಿದರು:

"ಕಿವಿ ಕೇಳ್ಸಲ್ಲ ಅಂತ ನನ್ ಕಿವೀಲಿ ಒಂದ್ ಮಾತು ಅಂದಿದ್ರೆ, ನಾನೇ ಕೈ ಹಿಡ್ದು ಕೂರುಸ್ತಿದ್ನಲ್ಲವ್ವಾ."

"ಹೇಳ್ಕೊಳ್ಳೋಕೆ ನಾಚಿಕೆ ಆಗಿರುತ್ತೆ ಅಣ್ಣ. ಸಂಗೀತದೋರಿಗೆ ಕಿವಿ ಹೋಗೋದು ಅಂದ್ರೆ..."

"ಇರ್ಲಿ. ನಿನ್ ವಾದ ಗೆದ್ದೈತೆ. ಆದ್ರೆ ನೀನ್ ಹೇಳಿದ್ದು ಅವ್ರ ಕಿವಿ ಕತೆ. ನಮ್ಮಪ್ಪನ್ ಕಾಲಿನ್ ಕತೆ ಅಲ್ಲ." ಅವರು ಒಂದು ಬಾಟಲಿಯ ಮುಚ್ಚಳ ಬಿಗಿದರು. "ಅಪ್ಪ ಈಗ್ಲೂ ಕೇಳ್ತಾರೆ ಕಣವ್ವ. ಅವತ್ತು ನೀನೇನ್ಲಾ ತಪ್ ಬಾರಿಸ್ದೆ, ಅಂತ."

ನಾನು ಮೇಷ್ಟ್ರ ಬಾಟಲಿಯನ್ನು ಮೊದಲಿದ್ದ ಜಾಗಕ್ಕೇ ಇಟ್ಟೆ.

"ಬತ್ತೀನಿ. ಆಂಟಿ ಊರ್ ಬಿಟ್ಟು ಹೋಗೋವಾಗ ಬರ್ದೆ ಇರಾಕಾಯ್ತದಾ? ಆದ್ರೆ ಒಂದು. ಆಮೇಲೆ ಹೇಳ್ತೀನಿ ಅಂದಿದ್ರಲ್ಲ ಮೇಷ್ಟ್ರು, ಅದನ್ನ ಹೇಳ್ಲಿ. ನನಗಲ್ಲ, ನಮ್ಮಪ್ಪನಿಗೆ."

ವಾಪಸು ಬಸ್ಸಿನಲ್ಲಿ ಗೆದ್ದವಳಂತೆ ಕೂತಿದ್ದೆ. ಕೆಲಸ ಸುಲಭ: ಮೇಷ್ಟ್ರು ಒಮ್ಮೆ ಮಾದಿಹಳ್ಳಿಗೆ ಬಂದು ಕಿವಿಯ ವಿಷಯ ಹೇಳಿದರಾಯಿತು. ಚರ್ಚೆಗೆ ತಯಾರಾಗುವಾಗ ನಮ್ಮ ವಾದವನ್ನು ಎದುರಾಳಿಯ ಕಡೆಯಿಂದ ಒಮ್ಮೆ ಹೊಡೆದು ನೋಡಬೇಕು ಎಂದು ನಮಗೆ ಕಲಿಸಿದ್ದರು. ಅಭ್ಯಾಸಕ್ಕೆ ಹಾಗೇ ಮಾಡಿದೆ. ಮನಸ್ಸಿನಲ್ಲೇ ಬಾಟಲಿಗಳನ್ನು ಮತ್ತೆ ಜೋಡಿಸಿದೆ. ಮೇಷ್ಟ್ರಿಗೆ ಬೇಕಾಗಿದ್ದದ್ದು ನಾನು ಅವರ ಎಡಕ್ಕೆ ಬರುವುದು. ಅಷ್ಟೇ. ಅವರು ಕೂತದ್ದು ನನ್ನ ಪಕ್ಕದಲ್ಲೇ. ನಾನೂ ಅವರೂ ಅದಲು ಬದಲಾಗಿದ್ದರೆ ಮುಗಿಯುತ್ತಿತ್ತು. ಆಂಟಿ, ಕೊಳಲು, ಪಿಟೀಲು, ಮೃದಂಗ. ಮೃದಂಗ ಇದ್ದಲ್ಲೇ ಇರುತ್ತಿತ್ತು. ಬಲಮುಖ ಜನರ ಕಡೆಗೇ. ಅಣ್ಣನ ತಂದೆ ಕೂತಲ್ಲೇ.

ಜಾವಗಲ್ಲು ಬಂತು, ಹೋಯಿತು. ಇಳಿಯುವವರು ಇಳಿದರು. ನಾನು ಮತ್ತೆ ಮತ್ತೆ ಜೋಡಿಸಿ ನೋಡಿದೆ, ಪ್ರತಿ ಸಲವೂ ಅದೇ ಉತ್ತರ. ಕಿವಿ ಎಂಬ ಕಾರಣ ಮೇಷ್ಟ್ರು ಯಾಕೆ ಜಾಗ ಬಿಟ್ಟು ಎದ್ದರು ಎನ್ನುವುದನ್ನು ಹೇಳುತ್ತದೆ. ಅಣ್ಣ ಯಾಕೆ ಏಳಬೇಕಾಯಿತು ಎನ್ನುವುದನ್ನು ಹೇಳುವುದಿಲ್ಲ.

ಬಸ್ ಸ್ಟ್ಯಾಂಡಿನಿಂದ ಮೇಷ್ಟ್ರ ಮನೆಗೆ ನಡೆದೇ ಹೋದೆ. ಚಾಪೆಯ ಮೇಲೆ ಕೂತು ಪಿಟೀಲಿಗೆ ಹೊಸ ತಂತಿ ಹಾಕುತ್ತಿದ್ದರು. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ನೋಡಿಕೊಂಡೇ ಅವರ ಎಡಗಡೆ ಕೂತೆ. ಅವರೂ ಅದನ್ನು ಗಮನಿಸಿದರು.

"ಯಾರು ಹೇಳಿದ್ದು ನಿನಗೆ?"

"ಯಾರೂ ಇಲ್ಲ ಸಾರ್. ಕಿಟಕಿ ಪಕ್ಕದ ಸೀಟು ಹೇಳ್ತು."

ತುಸು ನಕ್ಕರು. ತಂತಿಯನ್ನು ಬಿರಟೆಗೆ ಸುತ್ತುತ್ತಾ, "ಚಿಕ್ಕಂದಿನಲ್ಲಿ ಕಿವಿ ಸೋರ್ತಿತ್ತು. ಆಮೇಲೆ ವರ್ಷ ವರ್ಷಕ್ಕೂ ಕಡಿಮೆ ಆಯ್ತು" ಎಂದರು. "ಪಿಟೀಲಿನವನಿಗೆ ಒಂದು ಕಿವಿ ಇಲ್ಲ ಅಂತ ಗೊತ್ತಾದ್ರೆ ಯಾರಮ್ಮ ಕರೀತಾರೆ? ಬೇಲೂರಲ್ಲಿ ತಪ್ಪಿದಾಗ ನಿನ್ನ ಮೇಲೆ ಹಾಕ್ದೆ. ಹಳೇಬೀಡಲ್ಲಿ ಏನೂ ಕೇಳಿಸ್ತಿರ್ಲಿಲ್ಲ. ಗಾಬರಿ ಆಗ್ಹೋಯ್ತು."

ಆಂಟಿಯ ಖಾಲಿ ರೂಮಿನ ವಿಷಯ ಹೇಳಿದೆ. ಅವರ ಕಣ್ಣು ಅರಳಿತು. "ನಾಲ್ಕೂ ಜನಾನಾ? ಅವರು ಬರ್ತಾರಂತಾ?" ಎಂದರು. ಅಣ್ಣ ಕೇಳಿದ್ದನ್ನೂ ಹೇಳಿದೆ. "ಹೇಳ್ತೀನಿ. ಕಿವಿ ವಿಷಯ ತಾನೇ? ಈಗಿನ್ನೇನು ಮುಚ್ಚಿಡೋದು? ಮಾದಿಹಳ್ಳಿಗೇ ಹೋಗಿ ಹೇಳ್ತೀನಿ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆ ವಾರವೇ ನಾವು ನಾಲ್ವರೂ ಕೂರುತ್ತಿದ್ದೆವೇನೋ. ಆದರೆ ಮಾದಿಹಳ್ಳಿಯಲ್ಲಿ ಆ ಹಿರಿಯರು ಕೇಳುವುದು ಕಿವಿಯ ವಿಷಯವನ್ನಲ್ಲ. ಬಸ್ಸಿನಲ್ಲಿ ನನಗೆ ಹೊಳೆದದ್ದು ಅವರ ಮಗನಿಗೆ ಅಂದೇ ಹೊಳೆದಿರಬೇಕು.

ಕಾಫಿ ಲೋಟಗಳನ್ನು ಪಕ್ಕಕ್ಕಿಟ್ಟು, ಅವರ ಒಳ್ಳೆಯ ಕಿವಿಗೆ ನೇರವಾಗಿ, ಜೋರು ಮಾಡದೆ ಕೇಳಿದೆ:

"ಸಾರ್, ನಾನು ನೀವು ಜಾಗ ಬದಲಾಯಿಸಿಕೊಂಡಿದ್ದರೆ ಸಾಕಿತ್ತಲ್ಲ. ನಾನು ಪಕ್ಕದಲ್ಲೇ ಇದ್ದೆ, ನಿಮ್ಮ ವಿದ್ಯಾರ್ಥಿನಿ, ಎಲ್ಲರಿಗಿಂತ ಚಿಕ್ಕವಳು. ಅಷ್ಟು ಗಾಬರಿಯಲ್ಲೂ ನನ್ನನ್ನ ಏಳು ಅನ್ನದೆ, ನನ್ನ ಹಿಂದೆ ಸುತ್ತಿಕೊಂಡು ಹೋಗಿ ಅವರನ್ನೇ ಎಬ್ಬಿಸಬೇಕು ಅಂತ ನಿಮಗೆ ಅನ್ನಿಸಿದ್ದು ಯಾಕೆ?"